ಆನ್‌ಲೈನ್ ಹರಾಜಿನ ಗ್ರಾಮಫೋನ್: ನಕಲಿಯನ್ನು ಗುರುತಿಸುವ ಬಗೆ

"ಕಾಫಿ ತೋಟದ ಹಳೆಯ ಬಂಗಲೆಯಲ್ಲಿತ್ತು" ಎಂಬ ಒಂದು ಸಾಲು ಸೇರಿದರೆ ಹಳೆಯ ಸಾಮಾನಿನ ಬೆಲೆ ಏರುತ್ತದೆಂಬುದು ಆನ್‌ಲೈನ್ ಹರಾಜಿನಲ್ಲಿ ಮಾರುವವರಿಗೆ ಚೆನ್ನಾಗಿ ತಿಳಿದಿದೆ. ಕೆಲವು ವರ್ಷಗಳ ಹಿಂದೆ ನಾನು ಚಿಕ್ಕಮಗಳೂರಿನ ಮನೆಯಲ್ಲಿ ಕುಳಿತು ಅಂಥದೊಂದು ಸಾಲನ್ನು ನಂಬಿ, ಎಂಟು ಮೂಲೆಯ ಪೆಟ್ಟಿಗೆಯೂ ಹೂವಿನಂತೆ ಅರಳಿದ ಹಿತ್ತಾಳೆಯ ಹಾರ್ನೂ ಇದ್ದ ಗ್ರಾಮಫೋನೊಂದನ್ನು ಕೊಂಡೆ. ಪೆಟ್ಟಿಗೆಯ ಮುಂಬದಿಯಲ್ಲಿ ನಾಯಿಯ ಚಿತ್ರವಿದ್ದ ಬಿಲ್ಲೆಯಿತ್ತು, ಜೊತೆಗೆ ಮೂಡಿಗೆರೆ ಕಡೆಯ ಬಂಗಲೆಯೊಂದರ ಕಥೆಯಿತ್ತು. ಪ್ಲೇಟು ಹಾಕಿದರೆ ಅರ್ಧ ಹಾಡಿಗೆ ಸ್ವರ ಇಳಿಯುತ್ತ ಹೋಗಿ ನಿಂತುಬಿಡುತ್ತಿತ್ತು. ಹಾಸನದಲ್ಲಿ ಗಡಿಯಾರ ಮತ್ತು ರೇಡಿಯೊ ರಿಪೇರಿ ಮಾಡುತ್ತಿದ್ದ ಹಿರಿಯರೊಬ್ಬರ ಮುಂದೆ ಅದನ್ನು ಇಟ್ಟಾಗ ಅವರು ಮೇಲ್ಹಲಗೆಯ ಸ್ಕ್ರೂಗಳನ್ನು ಬಿಚ್ಚಿ, ಒಳಗೆ ಒಮ್ಮೆ ನೋಡಿ, "ಇದು ಹಾಡ್ಲಿ ಅಂತ ಮಾಡಿದ್ದಲ್ಲ ಸ್ವಾಮಿ, ನೋಡ್ಲಿ ಅಂತ ಮಾಡಿದ್ದು" ಎಂದರು. ಅನಂತರ ನಾನು ಕಲಿತದ್ದೆಲ್ಲವೂ ಆ ಮಾತಿನ ವಿಸ್ತರಣೆಯೇ ಆಗಿದೆ. ಅಸಲಿ ಗ್ರಾಮಫೋನಿನ ಒಂದೊಂದು ಭಾಗವೂ ಸೂಜಿಯ ಸಣ್ಣ ಕಂಪನವನ್ನು ಕೋಣೆ ತುಂಬುವ ದನಿಯನ್ನಾಗಿಸುವ ಕೆಲಸಕ್ಕೆ ಕಟ್ಟುಬಿದ್ದಿರುತ್ತದೆ. ಆದ್ದರಿಂದ ಫೋಟೊದಲ್ಲಿ ಕಾಣುವ ಯಾವುದೇ ಭಾಗವನ್ನು ನೋಡುವಾಗ, ಇದು ದನಿಗೆ ಯಾವ ರೀತಿಯಲ್ಲಿ ನೆರವಾಗುತ್ತದೆ ಎಂದು ಕೇಳಿಕೊಳ್ಳುವುದರಿಂದ ಪರೀಕ್ಷೆಯನ್ನು ಆರಂಭಿಸಬೇಕು.

ನಮ್ಮ ಹರಾಜುಗಳಲ್ಲಿ ಕಾಣಸಿಗುವ ನಕಲಿಗಳಲ್ಲಿ ಹೆಚ್ಚಿನವು ಒಂದೇ ಬಗೆಯವು. ಸೂಟ್‌ಕೇಸಿನಂತೆ ಕೈಯಲ್ಲಿ ಒಯ್ಯಬಹುದಾಗಿದ್ದ ಹಳೆಯ ಪೋರ್ಟಬಲ್ ಗ್ರಾಮಫೋನಿನಿಂದ ಮೋಟರು, ತಿರುಗುವ ತಟ್ಟೆ, ಕೆಲವೊಮ್ಮೆ ಸೂಜಿಯನ್ನು ಹಿಡಿದು ದನಿ ಹೊರಡಿಸುವ ಸೌಂಡ್‌ಬಾಕ್ಸನ್ನೂ ಕಿತ್ತು, ಹೊಸದಾಗಿ ಮಾಡಿಸಿದ ಮರದ ಪೆಟ್ಟಿಗೆಗೆ ಕೂರಿಸಿ, ಹಿಂಬದಿಗೆ ಹೊಸ ಹಿತ್ತಾಳೆ ಹಾರ್ನನ್ನು ಸಿಕ್ಕಿಸಲಾಗುತ್ತದೆ. ಅಲಂಕಾರದ ವಸ್ತುವೆಂದು ಹೇಳಿಯೇ ಮಾರಿದರೆ ಅದರಲ್ಲಿ ಮೋಸವಿಲ್ಲ. ಅದನ್ನೇ ನೂರು ವರ್ಷದ ವಸ್ತುವೆಂದು ಹರಾಜಿಗಿಟ್ಟಾಗ ಮೋಸವಾಗುತ್ತದೆ. ಇನ್ನೊಂದು ನಷ್ಟವೂ ಇದೆ, ನನ್ನನ್ನು ಹಣಕ್ಕಿಂತ ಹೆಚ್ಚಾಗಿ ನೋಯಿಸಿದ್ದು ಅದೇ: ಇಂಥ ಒಂದು ನಕಲಿ ಸಿದ್ಧವಾಗಬೇಕಾದರೆ, ಇನ್ನೂ ಹಾಡಬಲ್ಲ ಒಂದು ಅಸಲಿ ಪೋರ್ಟಬಲ್ ತುಂಡುತುಂಡಾಗಬೇಕು.

ಇಸವಿಯನ್ನು ಮೊದಲು ಪರಿಶೀಲಿಸಿ

ಇದಕ್ಕೆ ಫೋಟೊವೂ ಬೇಕಿಲ್ಲ, ಮಾರುವವರು ಬರೆದ ವಿವರಣೆ ಸಾಕು. ಎಮಿಲ್ ಬರ್ಲಿನರ್ ಅಮೆರಿಕದಲ್ಲಿ ಗ್ರಾಮಫೋನಿಗೆ ಪೇಟೆಂಟ್ ಪಡೆದದ್ದು 1887ರಲ್ಲಿ. ಅದಕ್ಕೆ ಹತ್ತು ವರ್ಷ ಮೊದಲು ಥಾಮಸ್ ಎಡಿಸನ್ ರೂಪಿಸಿದ ಫೋನೋಗ್ರಾಫಿನಲ್ಲಿ ಪ್ಲೇಟಿರಲಿಲ್ಲ, ಉರುಳೆಯಿತ್ತು. ಗ್ರಾಮಫೋನ್ ಕಂಪನಿ ಲಂಡನ್ನಿನಲ್ಲಿ ಆರಂಭವಾದದ್ದು 1898ರಲ್ಲಿ, ಹಾರ್ನಿನ ಮುಂದೆ ಕಿವಿಗೊಟ್ಟು ಕುಳಿತ ನಾಯಿಯ ಚಿತ್ರವನ್ನು ಫ್ರಾನ್ಸಿಸ್ ಬರಾಡ್ ಎಂಬ ಕಲಾವಿದನಿಂದ ಅದು ಕೊಂಡದ್ದು 1899ರಲ್ಲಿ. ಆ ನಾಯಿಯ ಗುರುತಿನ ಹೆಸರೇ ಎಚ್‌ಎಂವಿ (ಹಿಸ್ ಮಾಸ್ಟರ್ಸ್ ವಾಯ್ಸ್). ಹೀಗಿರುವಾಗ "1885ರ ಎಚ್‌ಎಂವಿ" ಎಂದು ಯಾರಾದರೂ ಬರೆದಿದ್ದರೆ ಅಲ್ಲಿಗೇ ನಿಲ್ಲಬಹುದು. ಭಾರತದಲ್ಲಿ ಆ ಕಂಪನಿಯ ಧ್ವನಿಮುದ್ರಣ ಮೊದಲಾದದ್ದು 1902ರ ನವೆಂಬರಿನಲ್ಲಿ, ಕಲ್ಕತ್ತದಲ್ಲಿ. ಅಂದು ಹಾಡಿದ ಗಾಯಕಿ ಗೌಹರ್ ಜಾನ್ ತಮ್ಮ ಕೊನೆಯ ದಿನಗಳನ್ನು ಮೈಸೂರು ಅರಮನೆಯ ಆಶ್ರಯದಲ್ಲಿ ಕಳೆದು 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಇಲ್ಲಿ ಧ್ವನಿಮುದ್ರಣವೇ 1902ರಲ್ಲಿ ಮೊದಲಾದ್ದರಿಂದ, 1890ರಲ್ಲಿ ಮುತ್ತಜ್ಜ ಈ ಪೆಟ್ಟಿಗೆಯಲ್ಲೇ ಕನ್ನಡ ನಾಟಕದ ಹಾಡು ಕೇಳುತ್ತಿದ್ದರೆಂಬ ಮನೆತನದ ಕಥೆಯೂ ನಿಲ್ಲಲಾರದು.

ತಪ್ಪು ಇನ್ನೊಂದು ತುದಿಯಲ್ಲೂ ಆಗುತ್ತದೆ. ಹಾರ್ನನ್ನು ಪೆಟ್ಟಿಗೆಯೊಳಗೆ ಅಡಗಿಸಿದ ವಿಕ್ಟ್ರೋಲಾ ಅಮೆರಿಕದ ಮಾರುಕಟ್ಟೆಗೆ ಬಂದದ್ದು 1906ರಲ್ಲಿ. ಅಲ್ಲಿಂದ ಮುಂದೆ ಹೊರಹಾರ್ನಿನ ಮಾದರಿಗಳು ನಿಧಾನವಾಗಿ ಹಿಂದೆ ಸರಿದು, 1920ರ ದಶಕ ಕಳೆಯುವ ಹೊತ್ತಿಗೆ ದೊಡ್ಡ ಕಂಪನಿಗಳಲ್ಲಿ ಹೆಚ್ಚುಕಡಿಮೆ ಮರೆಯಾಗಿದ್ದವು. ಎಚ್‌ಎಂವಿಯ ಪ್ರಸಿದ್ಧ ಪೋರ್ಟಬಲ್‌ಗಳಲ್ಲಿ 101 ಬಂದದ್ದು 1925ರಲ್ಲಿ, 102 ಬಂದದ್ದು 1931ರಲ್ಲಿ. ಆದ್ದರಿಂದ ಅರಳಿದ ಹಾರ್ನಿನ ಚಿತ್ರದ ಕೆಳಗೆ "1945ರ ಮಾದರಿ" ಎಂದಿದ್ದರೆ ಅದನ್ನೂ ಅಷ್ಟೇ ಅನುಮಾನದಿಂದ ನೋಡಬೇಕು. ವಿವರಣೆಯಲ್ಲಿ "ಆಂಟಿಕ್ ಫಿನಿಶ್", "ವಿಂಟೇಜ್ ಸ್ಟೈಲ್", "ಆಂಟಿಕ್ ಲುಕ್" ಎಂಬ ಮಾತುಗಳಿದ್ದರೆ ಮಾರುವವರು ಸತ್ಯವನ್ನು ಹೇಳಿಯೇಬಿಟ್ಟಿದ್ದಾರೆ ಎಂದು ತಿಳಿಯಬೇಕು. ಶೀರ್ಷಿಕೆಯ ದೊಡ್ಡ ಅಕ್ಷರಗಳಲ್ಲಿ "ಅಸಲಿ" ಎಂದಿದ್ದರೂ ಮುಂದೆ ವ್ಯಾಜ್ಯವಾದಾಗ ಅವರು ತೋರಿಸುವುದು ಈ ಸಣ್ಣ ಅಕ್ಷರಗಳನ್ನೇ.

ಹಾರ್ನ್ ಮತ್ತು ಪೆಟ್ಟಿಗೆ

ಕಣ್ಣು ಮೊದಲು ಬೀಳುವುದು ಹಾರ್ನಿನ ಮೇಲೆ. ನಕಲಿ ತಯಾರಿಸುವವರ ಶ್ರಮವೆಲ್ಲ ಹೋಗುವುದೂ ಅಲ್ಲಿಗೇ. ಅಸಲಿ ಯಂತ್ರಗಳ ಹಾರ್ನುಗಳಲ್ಲಿ ಬಹಳಷ್ಟು ಬಣ್ಣ ಬಳಿದ ಉಕ್ಕಿನ ತಗಡಿನವು, ಕೆಲವು ಮರದವು. ಹಿತ್ತಾಳೆಯವೂ ಇದ್ದವು, ಆದರೆ ಅವು ಹೆಚ್ಚಾಗಿ ಅಲಂಕಾರವಿಲ್ಲದ ಸರಳ ಶಂಕುವಿನಾಕಾರದವು. ಥಳಥಳ ಹೊಳೆಯುವ ಹಿತ್ತಾಳೆ, ತೆಳುವಾದ ತಗಡಿನ ಮೇಲೆ ಒತ್ತಿದ ಬಳ್ಳಿ-ಹೂಗಳು, ಒರಟಾಗಿ ಬೆಸುಗೆ ಹಾಕಿದ ಎಸಳುಗಳ ಅಂಚು, ಪಾರ್ಸೆಲ್ಲಿಗೆ ಅನುಕೂಲವಾಗಲೆಂದು ಎರಡು ಮೂರು ತುಂಡುಗಳಾಗಿ ತಿರುಚಿ ಬಿಚ್ಚುವಂತೆ ಮಾಡಿದ ಕುತ್ತಿಗೆ, ಇವೆಲ್ಲ ಒಟ್ಟಿಗೆ ಕಂಡರೆ ಅದು ಹೊಸ ಮಾಲು. ಚಿನ್ನದ ಬಣ್ಣದ ಹಾರ್ನಿಗೆ ಅಯಸ್ಕಾಂತ ಅಂಟಿಕೊಂಡರೆ ಕಬ್ಬಿಣದ ತಗಡಿಗೆ ಹಿತ್ತಾಳೆಯ ಲೇಪ ಕೊಟ್ಟಿದ್ದಾರೆಂದು ಅರ್ಥ.

ಮಲೆನಾಡಿನವರಿಗೆ ಇಲ್ಲಿ ಒಂದು ಅನುಕೂಲವಿದೆ. ಆರಿದ್ರಾ ಮಳೆಯಿಂದ ಆಶ್ಲೇಷಾ ಮಳೆಯವರೆಗೆ ಮುಟ್ಟದೆ ಬಿಟ್ಟ ಹಿತ್ತಾಳೆ ದೀಪದ ಗತಿ ಏನಾಗುತ್ತದೆಂದು ನಮ್ಮ ಪ್ರತಿ ಮನೆಯವರಿಗೂ ಗೊತ್ತು. ಹುಣಸೆಹಣ್ಣು ಹಾಕಿ ತಿಕ್ಕಿದರೂ ಸಂದುಗಳಲ್ಲಿ, ಮಡಿಕೆಗಳಲ್ಲಿ ಕಪ್ಪೂ ಹಸಿರು ಕಿಲುಬೂ ಉಳಿದೇ ಇರುತ್ತದೆ. ನೂರು ಮಳೆಗಾಲಗಳನ್ನು ತೋಟದ ಬಂಗಲೆಯಲ್ಲಿ ಕಳೆಯಿತೆನ್ನುವ ಹಾರ್ನಿನ ಒಳಮೈಯ ಫೋಟೊ ಕೇಳಿ. ಅಲ್ಲಿಯೂ ಅಂಚಿನಿಂದ ಗಂಟಲವರೆಗೆ ಒಂದೇ ಸಮನಾದ ಹೊಳಪಿದ್ದರೆ ಬಂಗಲೆಯ ಕಥೆಯನ್ನು ನಂಬುವ ಅಗತ್ಯವಿಲ್ಲ.

ಪೆಟ್ಟಿಗೆಯ ವಿಷಯದಲ್ಲೂ ನಮ್ಮ ಕಡೆಯ ತಿಳುವಳಿಕೆ ಉಪಯೋಗಕ್ಕೆ ಬರುತ್ತದೆ. ಬೀಟೆ, ಹೊನ್ನೆ, ಹಲಸಿನ ಮರಗಳ ಎಳೆಯನ್ನು ದೂರದಿಂದಲೇ ಗುರುತಿಸಬಲ್ಲವರು ಹಾಸನ, ಚಿಕ್ಕಮಗಳೂರಿನಲ್ಲಿ ಇಂದಿಗೂ ಬಹಳ ಮಂದಿ ಇದ್ದಾರೆ. ಇಂಗ್ಲೆಂಡಿನ ಕಾರ್ಖಾನೆಗಳು ಹೆಚ್ಚಾಗಿ ಬಳಸಿದ್ದು ಓಕ್ ಮತ್ತು ಮಹಾಗನಿ. ತೇಗದ ಪೆಟ್ಟಿಗೆಯೆಂದ ಮಾತ್ರಕ್ಕೆ ನಕಲಿಯೆನ್ನಲಾಗದು. ಆದರೆ ಸಾಧಾರಣ ಕಾಡುಮರಕ್ಕೆ ದಟ್ಟ ಕಂದು ಬಣ್ಣ ಬಳಿದು ಕೆತ್ತನೆಯ ಪಟ್ಟಿಗಳನ್ನು ಮೊಳೆ ಹೊಡೆದು ಕೂರಿಸಿದ್ದರೆ, ಮೂಲೆಗಳ ಬಿರುಕಿಗೆ ಪುಟ್ಟಿ ಮೆತ್ತಿದ್ದರೆ ಅದು ಯಾವ ಕಾರ್ಖಾನೆಯದೂ ಅಲ್ಲ. ಆರು ಅಥವಾ ಎಂಟು ಮೂಲೆಯ ಪೆಟ್ಟಿಗೆಯನ್ನಂತೂ ಮೊದಲ ನೋಟದಲ್ಲೇ ಸಂಶಯಿಸಬೇಕು. ಪೆಟ್ಟಿಗೆಯ ತಳದ ಫೋಟೊವನ್ನು ತಪ್ಪದೆ ಕೇಳಿ. ಮರದ ಪುಡಿಯನ್ನು ಅಂಟಿನೊಂದಿಗೆ ಒತ್ತಿ ಮಾಡುವ ಇಂದಿನ ಎಂ.ಡಿ.ಎಫ್. ಹಲಗೆ ಕಂಡರೆ ವಿಚಾರ ಮುಗಿಯಿತು. ಫಿಲಿಪ್ಸ್ ಎಂದು ಕರೆಯುವ ಕೂಡುಗೆರೆಯ ತಲೆಯ ಸ್ಕ್ರೂಗಳು ಬಳಕೆಗೆ ಬಂದದ್ದು 1930ರ ದಶಕದ ನಡುವಿನಲ್ಲಿ. 1910ರದ್ದೆನ್ನುವ ಯಂತ್ರದಲ್ಲಿ ಅವು ಇದ್ದರೆ ಕನಿಷ್ಠ ಯಾರೋ ನಂತರ ಬಿಚ್ಚಿ ಜೋಡಿಸಿದ್ದಾರೆ ಎಂದಾದರೂ ಹೇಳಬಹುದು.

ಸವೆತ ಎಲ್ಲಿದೆ ಎಂಬುದು ಎಷ್ಟಿದೆ ಎಂಬುದಕ್ಕಿಂತ ಮುಖ್ಯ. ಮನೆಮಂದಿ ಬಳಸಿದ ಯಂತ್ರದಲ್ಲಿ ಕೀಲಿ ತಿರುಗಿಸುವ ಹಿಡಿಯ ಸುತ್ತ, ಬ್ರೇಕಿನ ಬಳಿ, ಸೂಜಿ ಇಡುವ ಬಟ್ಟಲಿನ ಸುತ್ತಮುತ್ತ ಗೀರುಗಳಿರುತ್ತವೆ, ಕೈ ತಾಗದ ಹಿಂಬದಿ ಸ್ವಲ್ಪ ಚೆನ್ನಾಗಿಯೇ ಉಳಿದಿರುತ್ತದೆ. ನಕಲಿಯಲ್ಲಿ ಕಪ್ಪು ಬಣ್ಣ ಎಲ್ಲೆಡೆ ಒಂದೇ ಸಮ ಹರಡಿರುತ್ತದೆ. ಕುಟ್ಟೆ ಹುಳು ಕೊರೆದ ತೂತುಗಳನ್ನು ಕಂಡು ಹಳೆಯದೆಂದು ನಂಬಿಬಿಡಬೇಡಿ. ಹಳೆಯ ಬಾಗಿಲು ಕಿಟಕಿಗಳ ಮರದಿಂದಲೂ ಹೊಸ ಪೆಟ್ಟಿಗೆ ಮಾಡಬಹುದು. ನಾಯಿಯ ಚಿತ್ರವಿರುವ ಹಿತ್ತಾಳೆ ಬಿಲ್ಲೆಗೂ ಇದೇ ಮಾತು ಅನ್ವಯಿಸುತ್ತದೆ, ಅಂಥ ಬಿಲ್ಲೆಗಳು ಬಿಡಿಬಿಡಿಯಾಗಿ ದೊರೆಯುತ್ತವೆ. ನಾಯಿಯ ಮುಖ ಮೊಂಡಾಗಿದ್ದರೆ, ಅಕ್ಷರಗಳ ನಡುವಿನ ಅಂತರ ಏರುಪೇರಾಗಿದ್ದರೆ ಅದು ಅಚ್ಚಿನ ಮೇಲೆ ಅಚ್ಚು ತೆಗೆದದ್ದು.

ದನಿಯ ದಾರಿ

ಇಲ್ಲಿಂದ ಮುಂದಿನದು ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಭಾಗ, ಏಕೆಂದರೆ ನಕಲಿ ತಯಾರಿಸುವವರು ಇಲ್ಲಿ ಶ್ರಮ ಪಡುವುದೇ ಇಲ್ಲ. ಸೂಜಿಯ ಕಂಪನ ಸೌಂಡ್‌ಬಾಕ್ಸಿನೊಳಗಿನ ತೆಳು ಪೊರೆಯನ್ನು ಅಲುಗಿಸುತ್ತದೆ; ಆ ದನಿ ಟೋನ್‌ಆರ್ಮ್ ಎಂಬ ಕೊಳವೆಯಲ್ಲಿ ಹಾದು ಹಾರ್ನಿಗೆ ಸೇರುತ್ತದೆ. ಈ ದಾರಿ ಸೌಂಡ್‌ಬಾಕ್ಸಿನ ಬಳಿ ಕಿರಿದಾಗಿದ್ದು ಹಾರ್ನಿನ ಬಾಯಿಯವರೆಗೆ ಕ್ರಮವಾಗಿ ಅಗಲವಾಗುತ್ತ ಹೋಗಬೇಕು, ಎಲ್ಲೂ ಗಾಳಿ ಸೋರಬಾರದು. 1900ರ ದಶಕದ ಮೊದಲ ವರ್ಷಗಳಲ್ಲೇ ಬಂದ ಈ ಕ್ರಮವೇ ದನಿಯನ್ನು ಹಿಗ್ಗಿಸಿತು. ನಕಲಿಯ ಟೋನ್‌ಆರ್ಮ್ ಉದ್ದಕ್ಕೂ ಒಂದೇ ದಪ್ಪವಿರುತ್ತದೆ, ಅಥವಾ ಪೋರ್ಟಬಲ್‌ನಿಂದ ಕಿತ್ತ ಸಣ್ಣ ಕೊಳವೆಯ ತುದಿಗೆ ದಪ್ಪನೆಯ ಒರಟು ಎರಕದ ಮೊಣಕೈಯೊಂದನ್ನು ಸೇರಿಸಿರುತ್ತಾರೆ. ಹಾರ್ನ್ ಹೊರುವ ಹಿಂಬದಿಯ ಬ್ರಾಕೆಟ್ಟನ್ನೂ ಗಮನಿಸಿ: ಅಸಲಿಯದು ಅಚ್ಚುಕಟ್ಟಾದ ಎರಕವಾಗಿದ್ದು ಪೆಟ್ಟಿಗೆಯ ಬೆನ್ನಿಗೆ ಸರಿಯಾಗಿ ಹೊಂದಿಕೊಂಡಿರುತ್ತದೆ, ನಕಲಿಯದರಲ್ಲಿ ಅರದ ಗುರುತುಗಳೂ ಎರಕದ ಗುಳಿಗಳೂ ಎದ್ದು ಕಾಣುತ್ತವೆ.

ಮಾರುವವರಿಂದ ಒಂದು ಫೋಟೊವನ್ನು ವಿಶೇಷವಾಗಿ ಕೇಳಬೇಕು. ಪ್ಲೇಟು ತೆಗೆದು, ಟೋನ್‌ಆರ್ಮನ್ನು ಒಳಕ್ಕೆ ಸರಿಸಿ, ಸೂಜಿಯ ತುದಿಯನ್ನು ತಟ್ಟೆಯ ನಡುವಿನ ಮೊಳೆಯ ಹತ್ತಿರಕ್ಕೆ ತಂದು, ಮೇಲಿನಿಂದ ತೆಗೆದ ಫೋಟೊ ಅದು. ಅಸಲಿಯಲ್ಲಿ ಸೂಜಿ ಮೊಳೆಯ ತೀರ ಸಮೀಪ ಬರುತ್ತದೆ, ಏಕೆಂದರೆ ಸೂಜಿ ಪ್ಲೇಟಿನ ಗೆರೆಗಳಲ್ಲಿ ನೇರವಾಗಿ ಸಾಗುವಂತೆ ಅಳೆದು ಟೋನ್‌ಆರ್ಮನ್ನು ಕೂರಿಸಿರುತ್ತಾರೆ. ನಕಲಿಯಲ್ಲಿ ಅದು ಮೊಳೆಯನ್ನು ದಾಟಿ ಎಷ್ಟೋ ದೂರ ಹೋಗುತ್ತದೆ, ಇಲ್ಲವೇ ಕೊನೆಯ ಗೆರೆಗಳನ್ನು ಮುಟ್ಟುವುದೇ ಇಲ್ಲ. ನನ್ನ ಯಂತ್ರದಲ್ಲಿ ಸೂಜಿ ಎರಡು ಬೆರಳಗಲ ಆಚೆ ಹೋಗುತ್ತಿತ್ತು. ಈ ಫೋಟೊವನ್ನು ಮೊದಲೇ ಕೇಳಿದ್ದರೆ ನಾನು ಅದನ್ನು ಕೊಳ್ಳುತ್ತಿರಲಿಲ್ಲ.

ಸೌಂಡ್‌ಬಾಕ್ಸಿನ ಮುಂಭಾಗವನ್ನೂ ಹಿಂಭಾಗವನ್ನೂ ಹತ್ತಿರದಿಂದ ನೋಡಬೇಕು. ಮೊದಲ ದಶಕಗಳ ಸೌಂಡ್‌ಬಾಕ್ಸುಗಳಲ್ಲಿ ಪೊರೆ ಕಾಗೆಬಂಗಾರದ್ದು, ಎಂದರೆ ಮೈಕಾದ್ದು. ಪಾರದರ್ಶಕ, ಬೆಳಕಿಗೆ ಹಿಡಿದರೆ ಪದರಗಳು ಕಾಣುತ್ತವೆ. ನಂತರದ ಪೋರ್ಟಬಲ್‌ಗಳ ಹಲವು ಸೌಂಡ್‌ಬಾಕ್ಸುಗಳಲ್ಲಿ ಅಲ್ಯೂಮಿನಿಯಂ ಪೊರೆಯಿದೆ. ಆದ್ದರಿಂದ 1905ರದ್ದೆಂದು ಹೇಳುವ ಹಾರ್ನಿನ ಯಂತ್ರಕ್ಕೆ ಅಲ್ಯೂಮಿನಿಯಂ ಪೊರೆಯ ಸೌಂಡ್‌ಬಾಕ್ಸ್ ಸಿಕ್ಕಿಸಿದ್ದರೆ ಅದು ಬೇರೆ ಯಂತ್ರದಿಂದ ಬಂದದ್ದು. ಅಸಲಿಯ ಮೇಲಿನ ಅಕ್ಷರಗಳು ಚೂಪಾಗಿ, ಸಮವಾಗಿ ಇರುತ್ತವೆ. ರಬ್ಬರು ಗಟ್ಟಿಯಾಗಿ ಬಿರುಕು ಬಿಟ್ಟಿರಬಹುದು. ಕೆಲವು ಕಾಲದ ಸೌಂಡ್‌ಬಾಕ್ಸುಗಳ ಸತುವಿನ ಮಿಶ್ರಲೋಹ ತಾನಾಗಿ ಉಬ್ಬಿ ಸೀಳುವುದುಂಟು. ಇದು ಹಳೆಯದೆಂಬುದಕ್ಕೆ ಸೂಚನೆಯಾದರೂ ರಿಪೇರಿಗೆ ಒಗ್ಗದ ದೋಷವಾದ್ದರಿಂದ ಬೆಲೆಯಲ್ಲಿ ಅದನ್ನು ಎಣಿಸಲೇಬೇಕು.

ಮೋಟರು

ಮೇಲ್ಹಲಗೆಯನ್ನು ಎತ್ತಿ ತೋರಿಸಲು ಒಪ್ಪದವರಿಂದ ಕೊಳ್ಳಲೇಬಾರದು. ಗ್ರಾಮಫೋನಿನ ಮೋಟರು ವಿದ್ಯುತ್ತಿನದಲ್ಲ. ಡಬ್ಬಿಯೊಳಗೆ ಸುತ್ತಿಟ್ಟ ಉಕ್ಕಿನ ಸ್ಪ್ರಿಂಗು ಬಿಚ್ಚಿಕೊಳ್ಳುವ ಬಲದಿಂದ ತಟ್ಟೆ ತಿರುಗುತ್ತದೆ. ವೇಗವನ್ನು ಕಾಯುವುದು ಗವರ್ನರು: ತೆಳು ಪಟ್ಟಿಗಳಿಗೆ ಕಟ್ಟಿದ ಸಣ್ಣ ತೂಕದ ಗುಂಡುಗಳು ವೇಗ ಹೆಚ್ಚಿದಾಗ ಹೊರಕ್ಕೆ ಚಾಚಿ, ಒಂದು ಬಿಲ್ಲೆಯನ್ನು ಎಳೆದು, ಚರ್ಮದ ಅಥವಾ ಫೆಲ್ಟಿನ ತುಂಡಿಗೆ ಉಜ್ಜಿಸಿ ವೇಗವನ್ನು ತಗ್ಗಿಸುತ್ತವೆ. ನಕಲಿಯ ದೊಡ್ಡ ಪೆಟ್ಟಿಗೆಯೊಳಗೆ ಪೋರ್ಟಬಲ್‌ನ ಸಣ್ಣ ಮೋಟರು ಒಂದು ಮೂಲೆಯಲ್ಲಿ ತೂಗಾಡುತ್ತಿರುತ್ತದೆ. ಹಲಗೆಯಲ್ಲಿ ಉಪಯೋಗಕ್ಕಿಲ್ಲದ ಹಳೆಯ ತೂತುಗಳು, ಎತ್ತರ ಸರಿಹೊಂದಿಸಲು ಕೊಟ್ಟ ವಾಷರುಗಳು, ಕೀಲಿಯ ಹಿಡಿಗಾಗಿ ಕೊರೆದ ಅಂಕುಡೊಂಕಾದ ದೊಡ್ಡ ರಂಧ್ರ, ಅದನ್ನು ಮುಚ್ಚಲು ಬಡಿದ ತಗಡಿನ ಬಿಲ್ಲೆ, ಇವನ್ನು ಹುಡುಕಿ. ತಟ್ಟೆಯ ಮೇಲೆ ಢಾಳಾದ ಕೆಂಪು ಬಟ್ಟೆ ಅಂಟಿಸಿರುವುದೂ ಇಂಥ ಯಂತ್ರಗಳಲ್ಲಿ ಸಾಮಾನ್ಯ.

ಇದರ ಜೊತೆಗೆ ಒಂದು ವಿಡಿಯೊ ಬೇಕು. ಪ್ಲೇಟಿನ ಅಂಚಿನಡಿ ಕಾಗದದ ಚೂರೊಂದನ್ನು ಸಿಕ್ಕಿಸಿ, ಕೀಲಿಯನ್ನು ಪೂರ್ತಿ ಕೊಟ್ಟು, ಸೂಜಿ ಇಟ್ಟು, ಹಾಡು ಮುಗಿಯುವವರೆಗೆ ಎಲ್ಲೂ ಕತ್ತರಿಸದೆ ಚಿತ್ರೀಕರಿಸಲು ಹೇಳಿ. ನಿಮಿಷಕ್ಕೆ 78 ಸುತ್ತು ಎಂದರೆ ಅರ್ಧ ನಿಮಿಷದಲ್ಲಿ ಕಾಗದ 39 ಸಲ ಕಣ್ಣೆದುರು ಹಾದುಹೋಗಬೇಕು. ಮೊದಲ ಅರ್ಧ ನಿಮಿಷದಲ್ಲೂ ಕೊನೆಯ ಅರ್ಧ ನಿಮಿಷದಲ್ಲೂ ಎಣಿಸಿ ನೋಡಿ. ಹತ್ತು ಇಂಚಿನ ಪ್ಲೇಟಿನ ಒಂದು ಮಗ್ಗುಲು ಸುಮಾರು 3 ನಿಮಿಷ ಹಾಡುತ್ತದೆ; ಅಷ್ಟನ್ನು ಒಂದೇ ವೇಗದಲ್ಲಿ ಮುಗಿಸಲಾಗದ ಮೋಟರನ್ನು "ಸುಸ್ಥಿತಿಯಲ್ಲಿದೆ" ಎನ್ನುವಂತಿಲ್ಲ. ಅಸಲಿಯಾದರೂ ಗ್ರೀಸ್ ಒಣಗಿ ಮಂದವಾಗಿರಬಹುದು, ಅದು ಸರಿಪಡಿಸಬಹುದಾದ ದೋಷ. ಆದರೆ ವಿಡಿಯೊದ ಹಾಡು ಮೊಬೈಲಿನಿಂದಲೋ ಸ್ಪೀಕರಿನಿಂದಲೋ ಬರುತ್ತಿಲ್ಲ ಎಂಬುದನ್ನು ಖಚಿತಪಡಿಸಿಕೊಳ್ಳಲು, ನಡುವೆ ಒಮ್ಮೆ ಸೂಜಿಯನ್ನು ಎತ್ತಿ ಇಡುವಂತೆ ಕೇಳಿಕೊಳ್ಳಬೇಕು.

ಹರಾಜಿನಲ್ಲಿ ನಡೆದುಕೊಳ್ಳುವ ರೀತಿ

ಹರಾಜು ಮುಗಿಯುವ ಕೊನೆಯ ಗಂಟೆಯಲ್ಲಿ ಪ್ರಶ್ನೆ ಕೇಳಿದರೆ ಉತ್ತರ ಬರುವುದಿಲ್ಲ, ಆದ್ದರಿಂದ ಫೋಟೊಗಳನ್ನು ಮೊದಲ ದಿನವೇ ಕೇಳಬೇಕು. ಪ್ರಶ್ನೆಯನ್ನೂ ಉತ್ತರವನ್ನೂ ಜಾಲತಾಣದ ಸಂದೇಶದಲ್ಲೇ ಇಟ್ಟುಕೊಳ್ಳಿ. ಫೋನಿನಲ್ಲಿ ಆಡಿದ ಮಾತಿಗೆ ದಾಖಲೆಯಿರುವುದಿಲ್ಲ. ಅವರು ಹಾಕಿದ ಫೋಟೊವನ್ನು ಚಿತ್ರಹುಡುಕಾಟಕ್ಕೆ ಕೊಟ್ಟು ನೋಡಿ, ಅದೇ ಫೋಟೊ ಬೇರೆ ಊರಿನ ಬೇರೆ ಹೆಸರಿನಲ್ಲಿ ಕಾಣಿಸಿಕೊಂಡರೆ ವಸ್ತು ಅವರ ಬಳಿ ಇದೆಯೆಂಬುದೇ ಅನುಮಾನ. ಒಬ್ಬರೇ ತಿಂಗಳು ತಿಂಗಳು ಒಂದೇ ಅಚ್ಚಿನ "ಅಪರೂಪದ" ಗ್ರಾಮಫೋನನ್ನು ಮಾರುತ್ತಿದ್ದಾರೆಯೇ ಎಂದು ಅವರ ಹಳೆಯ ಮಾರಾಟಗಳಲ್ಲಿ ನೋಡಿ. ವಸ್ತು ಬೆಂಗಳೂರಿನಲ್ಲಿದೆಯೆಂದರೆ ಹಾಸನದಿಂದ ಬೆಳಗಿನ ರೈಲು ಹತ್ತಿ ಹೋಗಿ ಕಣ್ಣಾರೆ ನೋಡಿ ಬರುವುದು ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಅಗ್ಗದ ಪರೀಕ್ಷೆ. ತೋಟದ ಬಂಗಲೆಯ ಕಥೆ ಹೇಳಿದವರನ್ನು ಯಾವ ತೋಟ, ಯಾವ ಊರು, ಯಾವಾಗ ಕೊಂಡಿರಿ ಎಂದು ವಿನಯದಿಂದಲೇ ಕೇಳಿ. ನಮ್ಮ ಜಿಲ್ಲೆಗಳಲ್ಲಿ ತೋಟಗಳ ಚರಿತ್ರೆ ತಿಳಿದ ಹಿರಿಯರು ಸಿಗುವುದು ಕಷ್ಟವಲ್ಲ, ವಿಚಾರಿಸಬಹುದು.

ಇಲ್ಲಿಯೇ ಒಂದು ಮಾತನ್ನು ಸೇರಿಸಬೇಕೆನಿಸುತ್ತದೆ. ಮಲೆನಾಡಿನ ಮನೆಗಳ ಅಟ್ಟದಲ್ಲಿ ಅಸಲಿ ಗ್ರಾಮಫೋನ್ ಸಿಕ್ಕರೆ ಅದು ಕಪ್ಪು ಬಟ್ಟೆ ಹೊದಿಸಿದ, ಹಾರ್ನ್ ಕಾಣದ ಪೋರ್ಟಬಲ್ ಪೆಟ್ಟಿಗೆಯಾಗಿರುವ ಸಂಭವವೇ ಹೆಚ್ಚು. ಅಂದವಿಲ್ಲವೆಂದು ಅದನ್ನು ಗುಜರಿಗೆ ಹಾಕಿ, ಆ ಜಾಗಕ್ಕೆ ಹಿತ್ತಾಳೆ ಹಾರ್ನಿನ ನಕಲಿಯನ್ನು ತಂದಿಟ್ಟ ಮನೆಯನ್ನು ನಾನು ಕಂಡಿದ್ದೇನೆ. ಅಟ್ಟದ ಪೆಟ್ಟಿಗೆಯ ಮುಚ್ಚಳ ತೆರೆದಾಗ ಒಳಗೆ ಚಿನ್ನದ ಬಣ್ಣದ ನಾಯಿಯ ಚಿತ್ರವೂ ಮಾದರಿ ಸಂಖ್ಯೆಯ ಫಲಕವೂ ಕಂಡರೆ ಅದನ್ನು ಗುಜರಿಯವರ ಕೈಗೆ ಕೊಡಬೇಡಿ.

ಪಾರ್ಸೆಲ್ ಬಂದ ಮೇಲೆ

ಪಾರ್ಸೆಲ್ಲನ್ನು ಬಿಚ್ಚುವಾಗ ಮೊದಲಿನಿಂದ ಕೊನೆಯವರೆಗೆ ವಿಡಿಯೊ ಮಾಡಿ, ವಿಳಾಸದ ಚೀಟಿಯೂ ಅದರಲ್ಲಿ ಬರಲಿ. ವಸ್ತು ವಿವರಣೆಗೆ ಹೊಂದದಿದ್ದರೆ ಕೂಡಲೇ ಬರವಣಿಗೆಯಲ್ಲಿ ತಿಳಿಸಿ. ವ್ಯಾಪಾರವಾಗಿ ಮಾರುವವರು ಜಾಹೀರಾತಿನಂತಿಲ್ಲದ ಅಥವಾ ನಕಲಿಯಾದ ವಸ್ತುವನ್ನು ಹಿಂದಕ್ಕೆ ಪಡೆಯಲು ನಿರಾಕರಿಸುವಂತಿಲ್ಲ ಎಂದು ಗ್ರಾಹಕ ಸಂರಕ್ಷಣೆಯ ಇ-ವಾಣಿಜ್ಯ ನಿಯಮಗಳು, 2020 ಹೇಳುತ್ತವೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಅಲ್ಲಿಯೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ 2 ವರ್ಷಗಳ ಒಳಗೆ ದೂರು ಕೊಡಬಹುದು. 2019ರ ಕಾಯ್ದೆಯ ಪ್ರಕಾರ ಕೊಂಡವರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದಾದ್ದರಿಂದ ದೆಹಲಿಯ ಮಾರಾಟಗಾರನ ಮೇಲಿನ ದೂರಿಗೆ ಹಾಸನದವರು ದೆಹಲಿಗೆ ಹೋಗಬೇಕಾಗಿಲ್ಲ. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ. ಹಣ ಪಡೆದು ವಸ್ತುವನ್ನೇ ಕಳುಹಿಸದೆ ಮಾಯವಾದರೆ ಅದು ಸೈಬರ್ ವಂಚನೆ. ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ನಕಲಿ ಈಗಾಗಲೇ ಮನೆಯಲ್ಲಿದ್ದು ಹಿಂದಿರುಗಿಸುವ ಕಾಲ ಮೀರಿದ್ದರೆ ಅದನ್ನು ಅಲಂಕಾರಕ್ಕೆ ಇಟ್ಟುಕೊಳ್ಳಬಹುದು, ಆದರೆ ಅದರ ಮೇಲೆ ಹಳೆಯ ಪ್ಲೇಟುಗಳನ್ನು ಹಾಕಬೇಡಿ. ಆ ಪ್ಲೇಟುಗಳು ಅರಗು ಬೆರೆಸಿ ಮಾಡಿದವು, ಬಿರುಸಾದರೂ ಒಡೆಯುವಂಥವು. ಉಕ್ಕಿನ ಸೂಜಿಯನ್ನು ಒಂದು ಮಗ್ಗುಲಿಗೆ ಒಂದರಂತೆ ಬದಲಾಯಿಸಬೇಕೆಂಬ ನಿಯಮ ಅಸಲಿ ಯಂತ್ರಕ್ಕೂ ಇದೆ. ಅಳತೆ ತಪ್ಪಿದ ಟೋನ್‌ಆರ್ಮಿನಲ್ಲಂತೂ ಸೂಜಿ ಓರೆಯಾಗಿ ನಿಂತು ಗೆರೆಯ ಗೋಡೆಯನ್ನೇ ಕೆರೆಯುತ್ತದೆ, ನಾಲ್ಕೈದು ಸಲಕ್ಕೆ ಹಾಡಿನ ಮೇಲೆ ಬೂದು ಬಣ್ಣದ ಪಟ್ಟೆ ಮೂಡುತ್ತದೆ. ನನ್ನ ಬಳಿಯಿದ್ದ ಒಂದು ಪಿಟೀಲಿನ ಪ್ಲೇಟು ಹಾಗೆಯೇ ಹಾಳಾಯಿತು. ಈಗ ಆ ಎಂಟು ಮೂಲೆಯ ಪೆಟ್ಟಿಗೆಯ ಟೋನ್‌ಆರ್ಮಿನಿಂದ ಸೂಜಿಯನ್ನು ತೆಗೆದಿಟ್ಟಿದ್ದೇನೆ, ಅದರ ತಳದಲ್ಲಿ ಇದು ಪ್ರತಿಕೃತಿ ಎಂದು ಶಾಯಿಯಲ್ಲಿ ಬರೆದಿದ್ದೇನೆ.